ನಾಲ್ಕು ಡಾಲರ್ ಚಾಕು, ಲುಂಗಿ ಬಟ್ಟೆಯ ಹಿಡಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಬಂದೂಕಿನ ಜಿಂಕೆ ಬೇಟೆ ಶುರುವಾಗುವುದು ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ. ಒಟ್ಟು ಒಂಬತ್ತು ದಿನ. ಆ ಒಂಬತ್ತು ದಿನಕ್ಕೆ ಜನ ವರ್ಷವಿಡೀ ಬಂದೂಕು, ದುರ್ಬೀನು, ಬೂಟು, ಜಾಕೆಟ್ ಅಂತ ಓಡಾಡುತ್ತಾರೆ. ಚಾಕು ಮಾತ್ರ ಯಾವುದೋ ಒಂದು ಇದ್ದರಾಯ್ತು ಅಂತ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ನಾನೂ ಹಾಗೇ ಮಾಡಿದ್ದೆ. ಗುಂಡು ಹಾರಿಸುವುದು ಒಂದು ಕ್ಷಣದ ಕೆಲಸ, ಆಮೇಲಿನ ಒಂದು ಗಂಟೆ ಪೂರ್ತಿ ಚಾಕುವಿನದ್ದೇ, ಆ ಒಂದು ಗಂಟೆಯಲ್ಲಿ ಆ ಪ್ರಾಣಿಯ ಮಾಂಸ ಊಟಕ್ಕೆ ಬರುತ್ತಾ ಹಾಳಾಗುತ್ತಾ ಅನ್ನೋದು ತೀರ್ಮಾನ ಆಗುತ್ತೆ. ಅದಕ್ಕೇ ಈ ಸಲ ಆಗಸ್ಟ್‌ನಿಂದಲೇ ಕೂತು ಸಾಮಾನು ಒಂದೊಂದಾಗಿ ಜೋಡಿಸಿದೆ. ಮುಖ್ಯವಾದ ಚಾಕುವನ್ನು ನಾನೇ ರಿಪೇರಿ ಮಾಡಿಕೊಂಡೆ. ಏನು ಮಾಡಿದೆ, ಎಲ್ಲಿ ಕೆಟ್ಟಿತು, ಎಲ್ಲಿ ಸರಿಹೋಯ್ತು, ಎಲ್ಲ ಬರೆದಿಡುತ್ತೇನೆ. ಇಲ್ಲಿ ಬೇಟೆ ಕಲಿಯುತ್ತಿರುವ ನಮ್ಮವರು ಇದ್ದಾರೆ, ಅವರಿಗೆ ಬೇಕಾಗಬಹುದು.

ಮೊದಲೇ ಒಂದು ಮಾತು. ನಾನು ಸಕಲೇಶಪುರದ ಕಡೆಯವನು. ಊರಲ್ಲಿ ಬೇಟೆ ಎಂದರೆ ಹಿರಿಯರು ಹೇಳುವ ಹಳೇ ಕಥೆ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಅಪರಾಧ, ಅದು ಹಾಗೇ ಇರಬೇಕು ಕೂಡ. ಇಲ್ಲಿ ಲೆಕ್ಕ ಬೇರೆ. 1973ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರು ಸುರಕ್ಷತೆಯ ಕ್ಲಾಸಿಗೆ ಹೋಗಿ ಪಾಸಾಗಿರಬೇಕು, ಲೈಸೆನ್ಸ್ ತಗೋಬೇಕು, ಹೊಡೆದ ಜಿಂಕೆಯನ್ನು ಸಿಕ್ಕ ಮರುದಿನ ಸಂಜೆ 5 ಗಂಟೆಯೊಳಗೆ ನೋಂದಾಯಿಸಬೇಕು. ನನಗೆ ಚಾಕು ಹಿಡಿಯಲು ಬಂದಿದ್ದು ಬೇಟೆಯಿಂದಲ್ಲ, ಊರಲ್ಲಿ ಸಾಕಿದ ಹಂದಿ ಹಸಿಗೆ ಮಾಡುವಾಗ, ಅಂದರೆ ಕೊಯ್ದು ಮಾಂಸ ಬಿಡಿಸುವಾಗ, ದೊಡ್ಡಪ್ಪನ ಪಕ್ಕ ಬಟ್ಟಲು ಹಿಡಿದು ನಿಂತು.

ನಾಲ್ಕು ವರ್ಷದ ಹಿಂದೆ, ಮೊದಲ ಸಲ ಹೋದಾಗ, ನನ್ನ ಹತ್ತಿರ ಏಳು ಇಂಚಿನ ದೊಡ್ಡ ಚಾಕು ಇತ್ತು. ನೋಡಲು ಗಂಭೀರವಾಗಿತ್ತು. ಜಿಂಕೆಯ ಎದೆಗೂಡಿನೊಳಗೆ ಮೊಣಕೈವರೆಗೆ ಕೈ ಹಾಕಿ ಉಸಿರು ಕೊಳವೆ ಕತ್ತರಿಸಬೇಕು ಅಂದಾಗ ಗೊತ್ತಾಯ್ತು ಕಷ್ಟ. ಒಳಗೆ ಏನೂ ಕಾಣಲ್ಲ. ಕೈ ಬಿಸಿ, ಜಾರಿಕೆ. ಚಾಕುವಿನ ಮೊನೆ ಎಲ್ಲಿದೆ ಅಂತ ಬೆರಳಿಗೆ ತಿಳಿಯಬೇಕು, ಏಳು ಇಂಚಾಚೆಗಿನ ಮೊನೆ ಯಾವ ಬೆರಳಿಗೂ ತಿಳಿಯುವುದಿಲ್ಲ. ಅದಕ್ಕೂ ಮುಂಚೆ ಹೊಟ್ಟೆ ಸೀಳುವಾಗಲೇ ಮೊನೆ ಹೊಟ್ಟೆಚೀಲಕ್ಕೆ ತಾಗಿ ತೂತಾಗಿತ್ತು. ಹಸಿರು ರಸವೆಲ್ಲ ಹರಿದು, ಬೆನ್ನುಮೂಳೆಯ ಒಳಬದಿಯಲ್ಲಿ ಇರುತ್ತದಲ್ಲ, ಜಿಂಕೆಯಲ್ಲಿ ಅತೀ ಮೆತ್ತನೆಯ ಮಾಂಸ, ಆ ಎರಡು ಪಟ್ಟಿಗಳನ್ನೂ ಬಿಸಾಕಬೇಕಾಯ್ತು. ಇವತ್ತಿಗೂ ಅದು ಮನಸ್ಸಲ್ಲಿ ಕೂತಿದೆ. ಒಂದು ಜೀವ ತೆಗೆದ ಮೇಲೆ ಅದರ ಮಾಂಸ ನಮ್ಮ ಅಜಾಗರೂಕತೆಯಿಂದ ಮಣ್ಣುಪಾಲಾಗಬಾರದು.

ಹಾಗಾಗಿ ಈ ಸಲದ ಮೊದಲ ನಿರ್ಧಾರ: ಅಲಗು 4 ಇಂಚಿಗಿಂತ ಉದ್ದ ಬೇಡ. ಮಡಚುವ ಚಾಕು ಬೇಡ, ಅದರ ಕೀಲಿನೊಳಗೆ ರಕ್ತ, ಕೊಬ್ಬು, ಕೂದಲು ಸೇರಿಕೊಂಡರೆ ಕ್ಲೀನ್ ಮಾಡುವುದು ದೊಡ್ಡ ತಲೆನೋವು. ಉಕ್ಕು ಹಿಡಿಯ ಕೊನೆಯವರೆಗೆ ಒಂದೇ ತುಂಡಾಗಿರಬೇಕು. ಹಿಡಿ ಒದ್ದೆ ಕೈಯಲ್ಲೂ ಜಾರಬಾರದು.

ಚಾಕು ಸಿಕ್ಕಿದ್ದು ನಮ್ಮ ಬೀದಿಯ ಒಂದು ಗ್ಯಾರೇಜ್ ಸೇಲ್‌ನಲ್ಲಿ. ಅಲ್ಲಿನ ಅಜ್ಜ ಹಳೇ ಸಾಮಾನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಒಂದು ಡಬ್ಬಿಯಲ್ಲಿ ಸ್ಕ್ರೂಡ್ರೈವರ್‌ಗಳ ಮಧ್ಯೆ ಇದು ಬಿದ್ದಿತ್ತು. ಕಾರ್ಬನ್ ಉಕ್ಕು, 5 ಇಂಚು ಅಲಗು, ಬೆನ್ನಿನ ಹತ್ತಿರ, ಅಂದರೆ ಹರಿತವಿಲ್ಲದ ಅಂಚಿನ ಹತ್ತಿರ, ಸುಮಾರು 3 ಮಿಲಿಮೀಟರ್ ದಪ್ಪ. ಮರದ ಹಿಡಿ ಸೀಳಿಹೋಗಿತ್ತು, ಒಂದು ರಿವೆಟ್ ಇರಲೇ ಇಲ್ಲ, ಮೇಲೆಲ್ಲ ಕೆಂಪು ತುಕ್ಕು. ಕಂಪನಿಯ ಗುರುತು ಸವೆದು ಹೋಗಿತ್ತು. ನಾಲ್ಕು ಡಾಲರ್ ಅಂದರು, ಕೊಟ್ಟೆ. ತುಕ್ಕು ಹಿಡಿದ ಚಾಕು ಕೊಳ್ಳುವಾಗ ನಾನು ನೋಡುವುದು ಎರಡೇ: ಅಲಗನ್ನು ಕಣ್ಣಿನ ನೇರಕ್ಕೆ ಹಿಡಿದರೆ ಸೊಟ್ಟ ಇರಬಾರದು, ತುಕ್ಕು ಹರಿತದ ಅಂಚಿನಲ್ಲಿ ಗುಳಿ ಬೀಳುವಷ್ಟು ತಿಂದಿರಬಾರದು. ಇದರಲ್ಲಿ ಗುಳಿ ಇದ್ದದ್ದು ಮೊನೆಯ ಹತ್ತಿರ ಮಾತ್ರ.

ಹಳೇ ಹಿಡಿ ಬಿಚ್ಚುವುದು ಹತ್ತು ನಿಮಿಷದ ಕೆಲಸ. ಆಮೇಲೆ ಅಲಗನ್ನು ಒಂದು ಉದ್ದ ಗಾಜಿನ ಬಾಟಲಿಯಲ್ಲಿ ಬಿಳಿ ವಿನೆಗರ್‌ನಲ್ಲಿ ಮುಳುಗಿಸಿಟ್ಟೆ. ರಾತ್ರಿಯಿಡೀ ಸಾಕು. ಎರಡು ಮೂರು ದಿನ ಮರೆತುಬಿಟ್ಟರೆ ವಿನೆಗರ್ ತುಕ್ಕಿನ ಜೊತೆ ಒಳ್ಳೇ ಉಕ್ಕನ್ನೂ ತಿನ್ನುತ್ತೆ. ಬೆಳಗ್ಗೆ ತೆಗೆದಾಗ ಕಪ್ಪು ಮಸಿ ಹಿಡಿದಂತಿತ್ತು, ಸ್ಟೀಲ್ ನಾರಿನಲ್ಲಿ ಉಜ್ಜಿದರೆ ಬಂತು. ತಕ್ಷಣ ಅಡುಗೆ ಸೋಡಾ ಕಲಸಿದ ನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಿದೆ. ಇದನ್ನು ತಕ್ಷಣವೇ ಮಾಡಬೇಕು. ಹುಳಿ ಉಳಿದ ಉಕ್ಕು ಕಣ್ಣೆದುರೇ ಮತ್ತೆ ಕೆಂಪಾಗುತ್ತೆ.

ಇಲ್ಲಿಂದ ತಪ್ಪು ಶುರು.

ಮೊನೆಯ ಹತ್ತಿರದ ಗುಳಿಗಳನ್ನು ತೆಗೆಯಲು ಬೆಂಚ್ ಗ್ರೈಂಡರ್‌ಗೆ ಹಿಡಿದೆ. ಪಕ್ಕದಲ್ಲಿ ನೀರಿನ ಡಬ್ಬಿ ಇತ್ತು, ಆದರೆ ಇನ್ನೊಂದು ಸಲ, ಇನ್ನೊಂದು ಸಲ ಅಂತ ಹಿಡಿಯುತ್ತಾ ಹೋದೆ. ಮೊನೆ ತೆಳ್ಳಗಿರುವುದರಿಂದ ಕಾವು ಹೋಗಲು ಜಾಗವಿಲ್ಲ. ಮೊದಲು ಹುಲ್ಲಿನ ಬಣ್ಣ ಬಂತು. ಆಮೇಲೆ ಕಂದು, ನೇರಳೆ, ನೋಡನೋಡುತ್ತಿದ್ದಂತೆ ತುದಿಯ ಮುಕ್ಕಾಲು ಇಂಚು ನವಿಲಿನ ಕತ್ತಿನ ಹಾಗೆ ನೀಲಿಯಾಯ್ತು. ನೋಡಲು ಚೆಂದದ ಬಣ್ಣ, ಆದರೆ ಚಾಕುವಿಗೆ ಅದು ಕೆಡುಕು. ಕಾರ್ಬನ್ ಉಕ್ಕಿಗೆ ಹುಲ್ಲಿನ ಬಣ್ಣ ಬರುವುದು ಸುಮಾರು 200ರಿಂದ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಲ್ಲಿವರೆಗೆ ಚಿಂತೆಯಿಲ್ಲ, ಚಾಕುಗಳಿಗೆ ಹದ ಹಾಕುವುದೇ ಹೆಚ್ಚುಕಮ್ಮಿ ಆ ಶಾಖದಲ್ಲಿ. ನೀಲಿ ಅಂದರೆ 300ರ ಹತ್ತಿರ ಹೋಗಿದೆ ಅಂತ ಅರ್ಥ. ಅಷ್ಟು ಕಾದ ಜಾಗ ಮೆತ್ತಗಾಗುತ್ತೆ, ಆಮೇಲೆ ಎಷ್ಟೇ ಮಸೆದರೂ ಹರಿತ ನಿಲ್ಲಲ್ಲ.

ಊರಿಗೆ ವಿಡಿಯೋ ಕಾಲ್ ಮಾಡಿ ದೊಡ್ಡಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕ್ಕೊಂಡು ಒಂದು ನಿಮಿಷ ನೋಡಿ, ‘ನೀರು ಮುಟ್ಟಿಸ್ದೆ ಸಾಣೆ ಹಿಡಿದ್ಯೇನೋ?’ ಅಂದರು. ಹೌದು ದೊಡ್ಡಪ್ಪ ಅಂದೆ. ‘ಹಂಗಾದ್ರೆ ಸುಟ್ಟಿದ್ದನ್ನ ಇಟ್ಕೋಬೇಡ. ತೆಗೆದು ಹಾಕು. ಸಣ್ಣದಾದ್ರೆ ಆಗ್ಲಿ ಬಿಡು’ ಅಂದರು. ಅವರ ಕಾಲದಲ್ಲಿ ಸಂತೆಯ ಹತ್ತಿರದ ಕುಲುಮೆಯಲ್ಲಿ ಲಾರಿಯ ಸ್ಪ್ರಿಂಗ್ ಪ್ಲೇಟ್ ತಟ್ಟಿಸಿ ಕತ್ತಿ ಮಾಡಿಸುತ್ತಿದ್ದರು. ಕಮ್ಮಾರರು ಬಣ್ಣ ನೋಡಿಯೇ ಹದ ಹೇಳುತ್ತಿದ್ದರಂತೆ, ಯಾವ ಥರ್ಮಾಮೀಟರೂ ಇರಲಿಲ್ಲ.

ಎಲ್ಲಿವರೆಗೆ ಸುಟ್ಟಿದೆ ಅಂತ ತಿಳಿಯಲು ಅರ ತಗೊಂಡು ಹರಿತದ ಅಂಚಿನ ಮೇಲೆ ಮೆಲ್ಲಗೆ ಎಳೆದು ನೋಡಿದೆ. ಒಳ್ಳೇ ಹದ ಇರುವ ಕಡೆ ಅರ ಕಚ್ಚುವುದಿಲ್ಲ, ಗಾಜಿನ ಮೇಲೆ ಎಳೆದಂತೆ ಜಾರಿಹೋಗುತ್ತೆ. ಮೆತ್ತಗಾದ ಕಡೆ ಕರ್ರ್ ಅಂತ ಕಚ್ಚಿ ಪುಡಿ ಉದುರುತ್ತೆ. ತುದಿಯಿಂದ ಮುಕ್ಕಾಲು ಇಂಚಿಗೆ ಸ್ವಲ್ಪ ಜಾಸ್ತಿಯೇ ಕಚ್ಚಿತು. ಒಂದು ಇಂಚಿಗೆ ಪೆನ್ನಿನಲ್ಲಿ ಗೆರೆ ಎಳೆದೆ.

ಈ ತಪ್ಪಿನಿಂದಲೇ ನನಗೆ ಬೇಕಾದ ಆಕಾರ ಸಿಕ್ಕಿತು. ಮುಂಚೆ ಇದರ ಮೊನೆ ಬೆನ್ನಿನ ಕಡೆಯಿಂದ ಒಳಕ್ಕೆ ಕೆತ್ತಿದ ಹಾಗೆ, ತೆಳ್ಳಗೆ ಮೇಲಕ್ಕೆ ಚಾಚಿಕೊಂಡಿತ್ತು, ಕ್ಲಿಪ್ ಪಾಯಿಂಟ್ ಅಂತಾರೆ. ಚುಚ್ಚಲು ಅದು ಚೆನ್ನ, ಆದರೆ ಹೊಟ್ಟೆ ಸೀಳುವಾಗ ಚುಚ್ಚುವುದೇ ಬೇಡ ಅಲ್ವಾ. ಅಲಗನ್ನು ಮೇಲ್ಮುಖ ಮಾಡಿ ಚರ್ಮದ ಒಳಗಿನಿಂದ ಹೊರಕ್ಕೆ ಕೊಯ್ದುಕೊಂಡು ಹೋಗಬೇಕು, ಆಗ ಚಾಕುವಿನ ಬೆನ್ನು ಕರುಳಿನ ಕಡೆ ಇರುತ್ತೆ. ಬೆನ್ನು ಮೊನೆಯ ಕಡೆಗೆ ನಿಧಾನವಾಗಿ ಬಾಗಿ ಇಳಿದಿದ್ದರೆ, ಅಂದರೆ ಡ್ರಾಪ್ ಪಾಯಿಂಟ್ ಆಗಿದ್ದರೆ, ಕರುಳಿನ ಮೇಲೆ ಜಾರಿಕೊಂಡು ಹೋಗುತ್ತೆ, ಚುಚ್ಚಲ್ಲ. ಸುಟ್ಟ ಒಂದು ಇಂಚನ್ನು ಕಟ್ಟಿಂಗ್ ಡಿಸ್ಕ್‌ನಲ್ಲಿ ತುಂಡರಿಸಿ, ಬೆನ್ನನ್ನು ಇಳಿಸುತ್ತಾ ಬಂದೆ. 5 ಇಂಚಿನ ಚಾಕು ಸರಿಯಾಗಿ 4 ಇಂಚಾಯ್ತು.

ಈ ಸಲ ಗ್ಲೌಸ್ ಹಾಕದೆ ಬರಿಗೈಯಲ್ಲಿ ಹಿಡಿದೆ. ಎರಡು ಸೆಕೆಂಡ್ ತಾಗಿಸುವುದು, ನೀರಿಗೆ ಅದ್ದುವುದು. ಬೆರಳಿಗೆ ಬಿಸಿ ಅನ್ನಿಸಿದರೆ ನಿಲ್ಲಿಸುವುದು. ಬೆರಳು ಸಹಿಸುವ ಶಾಖದಲ್ಲಿ ಉಕ್ಕಿಗೆ ಏನೂ ಆಗಲ್ಲ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಮಾತ್ರ ಬಿಡಲಿಲ್ಲ. ಎರಡು ಸಂಜೆ ಹಿಡಿಯಿತು.

ಇನ್ನು ಹಿಡಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ನನಗೆ ಮರದ ಹಿಡಿಯ ಮೇಲೆ ಆಸೆ ಇತ್ತು. ಆದರೆ ಇಲ್ಲಿ ಜಿಂಕೆಗಳಿಗೆ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನೋ ಕಾಯಿಲೆ ಇದೆ, ಚುಟುಕಾಗಿ ಸಿಡಬ್ಲ್ಯುಡಿ. ವಿಸ್ಕಾನ್ಸಿನ್‌ನಲ್ಲಿ ಮೊದಲು ಸಿಕ್ಕಿದ್ದು 2002ರಲ್ಲಿ. ಮಿದುಳು, ಬೆನ್ನುಹುರಿ, ದುಗ್ಧರಸ ಗ್ರಂಥಿಗಳಲ್ಲಿ (ಲಿಂಫ್ ನೋಡ್) ಪ್ರಿಯಾನ್ ಅನ್ನೋ ಕೆಟ್ಟ ಆಕಾರದ ಪ್ರೋಟೀನ್ ಸೇರಿಕೊಳ್ಳುತ್ತೆ, ಪ್ರಾಣಿ ಸೊರಗಿ ಸೊರಗಿ ಸಾಯುತ್ತೆ. ಅಡುಗೆಯ ಬೆಂಕಿಗೆ ಪ್ರಿಯಾನ್ ಸಾಯಲ್ಲ. ಮನುಷ್ಯರಿಗೆ ಇದು ಬಂದ ಖಚಿತ ಪ್ರಕರಣ ಇಲ್ಲ, ಆದರೂ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಸಿಡಿಸಿ, ಹೇಳುವುದು ಸ್ಪಷ್ಟ: ಗ್ಲೌಸ್ ಹಾಕಿ, ಮಿದುಳು ಬೆನ್ನುಹುರಿ ಆದಷ್ಟು ಮುಟ್ಟಬೇಡಿ, ಮನೆಯ ಅಡುಗೆ ಚಾಕುಗಳನ್ನು ಈ ಕೆಲಸಕ್ಕೆ ತರಬೇಡಿ, ಹೊಡೆದ ಜಿಂಕೆಯನ್ನು ಪರೀಕ್ಷೆ ಮಾಡಿಸಿ, ಕಾಯಿಲೆ ಇದ್ದರೆ ಮಾಂಸ ತಿನ್ನಬೇಡಿ. 2019ರಲ್ಲಿ ಇಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ ಒಂದು ದಾರಿ ಇದೆ. ಮನೆಯಲ್ಲಿ ಬಳಸುವ ಬ್ಲೀಚನ್ನು 40 ಶೇಕಡಾಕ್ಕೆ ನೀರಲ್ಲಿ ಬೆರೆಸಿ, ಅಂದರೆ ಎರಡು ಪಾಲು ಬ್ಲೀಚ್, ಮೂರು ಪಾಲು ನೀರು, ಸ್ಟೇನ್‌ಲೆಸ್ ಸ್ಟೀಲನ್ನು 5 ನಿಮಿಷ ಅದ್ದಿಟ್ಟರೆ ಮೇಲ್ಮೈಯ ಪ್ರಿಯಾನ್ ಕೆಲಸ ನಿಲ್ಲುತ್ತೆ. ಆದರೆ ಮಾಂಸದ ಚೂರು ಅಂಟಿದ್ದರೆ ಬ್ಲೀಚ್ ಅದರ ಒಳಕ್ಕೆ ಇಳಿಯಲ್ಲ, ಮೊದಲು ಚೆನ್ನಾಗಿ ಉಜ್ಜಿ ತೊಳೆಯಲೇಬೇಕು.

ಹೀಗಿರುವಾಗ ರಕ್ತ ಕುಡಿಯುವ ಮರದ ಹಿಡಿ ಹಾಕುವುದು ನನಗೆ ಸರಿ ಕಾಣಲಿಲ್ಲ. ಬೇಕಾಗಿದ್ದು ನೀರು ಹೀರದ, ಒಡೆಯದ, ಒದ್ದೆಯಾದರೆ ಹಿಡಿತ ಕೊಡುವ ವಸ್ತು. ಅದಕ್ಕೆ ಮೈಕಾರ್ಟಾ ಅಂತ ಇದೆ, ಬಟ್ಟೆಯನ್ನು ಪದರ ಪದರವಾಗಿ ರೆಸಿನ್ ಅನ್ನೋ ಗಟ್ಟಿಯಾಗುವ ಅಂಟಿನಲ್ಲಿ ಅದ್ದಿ ಒತ್ತಿ ಗಟ್ಟಿ ಮಾಡಿದ್ದು. ಅಂಗಡಿಯಲ್ಲಿ ಸಿಗುತ್ತೆ. ಆದರೆ ಮನೆಯಲ್ಲೂ ಮಾಡಬಹುದು, ಹತ್ತಿ ಬಟ್ಟೆ ಇದ್ದರೆ ಸಾಕು. ನನ್ನ ಹತ್ತಿರ ಊರಿಂದ ತಂದ ಕೇಸರಿ ಚೌಕುಳಿ ಲುಂಗಿ ಒಂದು ಇತ್ತು, ಮಂಡಿಯ ಹತ್ತಿರ ಹರಿದು ಮೂಲೆ ಸೇರಿತ್ತು. ಕೇಸರಿ ಬಣ್ಣ ಎಲೆಗಳ ಮಧ್ಯೆ ಬಿದ್ದರೂ ಎದ್ದು ಕಾಣುತ್ತೆ. ‘ರೀ, ಒರೆಸೋಕೆ ಅಂತ ಇಟ್ಟಿದ್ದೆ ಅದನ್ನ’ ಅಂದಳು ನನ್ನ ಹೆಂಡತಿ. ಅರ್ಧ ಅವಳಿಗೆ ಬಿಟ್ಟು ಅರ್ಧ ತಗೊಂಡೆ.

ಲುಂಗಿಯನ್ನು ಬಿಸಿನೀರಲ್ಲಿ ಸೋಪು ಹಾಕಿ ಒಗೆದು, ಪೂರ್ತಿ ಒಣಗಿಸಿ, ಇಸ್ತ್ರಿ ಮಾಡಿದೆ. ಬಟ್ಟೆಯಲ್ಲಿ ಎಣ್ಣೆ, ತೇವ ಇದ್ದರೆ ರೆಸಿನ್ ಹಿಡಿಯಲ್ಲ. 5 ಇಂಚು ಉದ್ದ, 2 ಇಂಚು ಅಗಲದ ತುಂಡುಗಳು. ಬಟ್ಟೆ ತೆಳು, ಹಾಗಾಗಿ ಒಂದು ಬದಿಗೆ 34 ಪದರ ಬೇಕಾಯ್ತು, ಎರಡು ಬದಿಗೆ 68. ರೆಸಿನ್‌ಗೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯನ್ನೇ ತಗೋಬೇಕು. ಐದು ನಿಮಿಷದ್ದು ತಂದರೆ ಹತ್ತು ಪದರ ಮುಗಿಯುವುದರೊಳಗೆ ಕೈಯಲ್ಲೇ ಗಟ್ಟಿಯಾಗುತ್ತೆ. ಹಲಗೆಯ ಮೇಲೆ ಬೇಕಿಂಗ್ ಪೇಪರ್ ಹಾಸಿ, ಒಂದು ತುಂಡು ಇಟ್ಟು, ಎಪಾಕ್ಸಿ ಸುರಿದು, ಹಳೇ ಎಟಿಎಂ ಕಾರ್ಡಿನಲ್ಲಿ ಒತ್ತಿ ಒತ್ತಿ ಬಟ್ಟೆಯ ಎಳೆಯೊಳಗೆ ಇಳಿಸಬೇಕು. ಬಟ್ಟೆಯ ಬಣ್ಣ ಗಾಢವಾದರೆ ನೆನೆದಿದೆ ಅಂತ ಲೆಕ್ಕ, ಮಾಸಲು ಕಂಡರೆ ಒಳಗೆ ಗಾಳಿ ಇದೆ. ಗಾಳಿ ಉಳಿದ ಕಡೆ ಮುಂದೆ ಪದರ ಬಿಡುತ್ತೆ. ಹದಿನೈದನೇ ಪದರದ ಹೊತ್ತಿಗೆ ಬೆನ್ನು ನೋಯುತ್ತಿತ್ತು, ಆದರೆ ಅವಸರ ಮಾಡಲಿಲ್ಲ. ಮೇಲೆ ಇನ್ನೊಂದು ಹಲಗೆ ಇಟ್ಟು ನಾಲ್ಕು ಸಿ-ಕ್ಲಾಂಪ್ ಬಿಗಿದೆ. ಸುತ್ತಲೂ ಹೆಚ್ಚಾದ ರೆಸಿನ್ ಜೇನಿನ ಹಾಗೆ ಹೊರಬಂತು. ಮುಟ್ಟಿದರೆ ಬೆಚ್ಚಗಿತ್ತು, ಗಟ್ಟಿಯಾಗುವಾಗ ಅದರೊಳಗೇ ಶಾಖ ಹುಟ್ಟುತ್ತೆ. ಕಿಟಕಿ ತೆಗೆದಿಟ್ಟು, ಒಂದು ದಿನ ಪೂರ್ತಿ ಹಾಗೇ ಬಿಟ್ಟೆ.

ಮರುದಿನ ಕ್ಲಾಂಪ್ ತೆಗೆದಾಗ ಸಿಕ್ಕಿದ್ದು ಕಂದು ಬಣ್ಣದ, ಅಂಚೆಲ್ಲ ಮೊಂಡು ಮೊಂಡಾದ ಎರಡು ಚಪ್ಪಡಿ. ನೋಡಲು ಏನೂ ಇಲ್ಲ. ಹ್ಯಾಕ್ಸಾದಲ್ಲಿ ಅಂಚು ಕೊಯ್ದೆ. ಆಗ ಕಂಡಿತು, ಸಾಲು ಸಾಲು ಗೆರೆ, ಕೇಸರಿ, ಕಪ್ಪು, ಕೇಸರಿ. ಬಾಗಿದ ಆಕಾರಕ್ಕೆ ಉಜ್ಜುತ್ತಾ ಹೋದಂತೆ ಆ ಗೆರೆಗಳು ನಕ್ಷೆಯಲ್ಲಿ ಬೆಟ್ಟದ ಎತ್ತರ ತೋರಿಸುವ ಗೆರೆಗಳ ಹಾಗೆ ಸುತ್ತು ಸುತ್ತಾಗಿ ಬಿಚ್ಚಿಕೊಂಡವು. ಹತ್ತು ವರ್ಷ ಸೊಂಟಕ್ಕೆ ಸುತ್ತಿಕೊಂಡ ಬಟ್ಟೆ ಇದು. ಸುಮಾರು ಹೊತ್ತು ಕೈಯಲ್ಲೇ ಹಿಡಿದುಕೊಂಡು ಕೂತಿದ್ದೆ.

ಇದರ ಧೂಳು ಮಾತ್ರ ಬಹಳ ಕೆಟ್ಟದ್ದು. ಮಾಸ್ಕ್ ಇಲ್ಲದೆ ಉಜ್ಜಬೇಡಿ. ನಾನು ಆದಷ್ಟೂ ನೀರು ಹಾಕ್ಕೊಂಡು ಉಪ್ಪುಕಾಗದದಲ್ಲಿ ಒದ್ದೆಯಾಗಿಯೇ ಉಜ್ಜಿದೆ. 220 ನಂಬರಿಗೆ ನಿಲ್ಲಿಸಿದೆ. ಅದಕ್ಕಿಂತ ನುಣುಪು ಮಾಡಿದರೆ ಹೊಳೆಯುತ್ತೆ, ಆದರೆ ಒದ್ದೆ ಕೈಯಲ್ಲಿ ಜಾರುತ್ತೆ.

ಜೋಡಿಸುವಾಗ ಗಮನದಲ್ಲಿ ಇಡಬೇಕಾದ್ದು ಕೆಲವು. ಚಪ್ಪಡಿಯ ಒಳಮುಖವನ್ನೂ ಉಕ್ಕನ್ನೂ 60 ನಂಬರ್ ಕಾಗದದಲ್ಲಿ ತರಕಲು ಮಾಡಿ, ಅಸಿಟೋನ್‌ನಲ್ಲಿ ಒರೆಸಿ, ಆಮೇಲೆ ಬೆರಳು ತಾಗಿಸಬಾರದು. ಹಿಡಿಯ ಮುಂದಿನ ಅಂಚನ್ನು, ಅಂದರೆ ಅಲಗಿನ ಕಡೆಯ ಅಂಚನ್ನು, ಅಂಟಿಸುವ ಮೊದಲೇ ಪಾಲಿಶ್ ಮಾಡಿ ಮುಗಿಸಿಕೊಳ್ಳಬೇಕು, ಆಮೇಲೆ ಮಾಡಲು ಹೋದರೆ ಅಲಗು ಗೀರಾಗುತ್ತೆ. ಹಿತ್ತಾಳೆಯ ಪಿನ್ ಎರಡು. ಕ್ಲಾಂಪನ್ನು ಪ್ರಾಣ ಹೋಗುವಷ್ಟು ಬಿಗಿದರೆ ಅಂಟೆಲ್ಲ ಹೊರಗೆ ಹೋಗಿ ಒಳಗೆ ಏನೂ ಉಳಿಯಲ್ಲ, ಹಾಗಾಗಿ ಹದವಾಗಿ ಬಿಗಿದೆ. ತೋರುಬೆರಳು ಕೂರುವ ಜಾಗದ ಮುಂದೆ ಒಂದು ಸಣ್ಣ ಉಬ್ಬು ಬಿಟ್ಟಿದ್ದೇನೆ. ರಕ್ತ ಆದ ಕೈ ಮುಂದಕ್ಕೆ ಜಾರಿದರೆ ಅಲ್ಲೇ ತಡೆಯುತ್ತೆ. ಈ ಉಬ್ಬು ನನ್ನ ಮಟ್ಟಿಗೆ ಇಡೀ ಚಾಕುವಿನಲ್ಲೇ ಮುಖ್ಯವಾದ ಭಾಗ.

ಮಸೆಯುವುದು. 400 ನಂಬರ್ ಕಲ್ಲು, ಆಮೇಲೆ 1000, ಕೊನೆಗೆ ಹಳೇ ಬೆಲ್ಟಿನ ಒಳಮೈ. ಒಂದೊಂದು ಬದಿಗೆ ಸುಮಾರು 20 ಡಿಗ್ರಿ ಓರೆ. ಇದಕ್ಕಿಂತ ತೆಳುವಾದರೆ ಮೂಳೆಗೆ ತಾಗಿದಾಗ ಅಂಚು ಮುಕ್ಕಾಗುತ್ತೆ. ಓರೆ ಸರಿ ಇದೆಯಾ ಅಂತ ತಿಳಿಯಲು ಅಂಚಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಎರಡು ಸಲ ಕಲ್ಲಿಗೆ ಎಳೆದು ನೋಡಿ, ಮಸಿ ಎಲ್ಲಿ ಹೋಗಿದೆಯೋ ಅಲ್ಲೇ ಕಲ್ಲು ತಾಗುತ್ತಿದೆ. ಒಂದು ಬದಿ ಮಸೆದಾಗ ಅಂಚು ಆಚೆ ಬದಿಗೆ ಕೂದಲೆಳೆಯಷ್ಟು ಮಡಚಿಕೊಳ್ಳುತ್ತೆ. ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ, ಹೊರಮುಖವಾಗಿ ಸವರಿದರೆ ತರತರ ಅಂತ ತಿಳಿಯುತ್ತೆ. ಬುಡದಿಂದ ಮೊನೆಯವರೆಗೂ ಅದು ಸಿಗುವ ತನಕ ಬದಿ ಬದಲಿಸಬಾರದು. ಬಹಳ ಜನ ತಪ್ಪುವುದು ಇಲ್ಲೇ.

ಆಯುಧಪೂಜೆಯ ದಿನ ಕಾರಿನ ಪಕ್ಕ ಇದನ್ನೂ ಇಟ್ಟು ಅರಿಶಿನ ಕುಂಕುಮ ಹಚ್ಚಿದೆವು.

ಉಳಿದ ಸಾಮಾನಿನ ಬಗ್ಗೆ. ಬ್ಲೇಡ್ ಬದಲಿಸುವ ಚಾಕುಗಳು ಈಗ ಬಹಳ ಓಡುತ್ತಿವೆ, ಆಪರೇಷನ್ ಬ್ಲೇಡಿನ ಹಾಗೆ ಇರುತ್ತೆ, ಮೊಂಡಾದರೆ ಕಳಚಿ ಹೊಸದು ಹಾಕುವುದು. ಹರಿತ ಅಂದರೆ ಹರಿತ, ಚರ್ಮ ಸುಲಿಯಲು ಅದಕ್ಕೆ ಸಾಟಿ ಇಲ್ಲ. ಆದರೆ ಪಕ್ಕಕ್ಕೆ ತಿರುಚಿದರೆ ಮುರಿಯುತ್ತೆ. ಎರಡು ವರ್ಷದ ಹಿಂದೆ ಜೊತೆಗಿದ್ದ ಗೆಳೆಯ ಭುಜದ ಕೀಲಿನಲ್ಲಿ ಹಾಗೆ ತಿರುಚಿದ, ಟಿಕ್ ಅಂತ ಶಬ್ದ ಬಂತು, ಮೊನೆ ಕಾಣೆ. ಟಾರ್ಚ್ ಹಿಡಿದು ಇಪ್ಪತ್ತು ನಿಮಿಷ ಹುಡುಕಿದೆವು. ಮಕ್ಕಳು ತಿನ್ನುವ ಮಾಂಸ ಅದು, ಸಿಗದಿದ್ದರೆ ಆ ಇಡೀ ಭುಜವನ್ನು ಬಿಡಬೇಕಿತ್ತು. ಸಿಕ್ಕಿತು, ಪುಣ್ಯ. ಅಂದಿನಿಂದ ಅಂಥದ್ದನ್ನು ಮನೆಯಲ್ಲಿ ಬೆಳಕಿನಡಿ ಚರ್ಮ ಬಿಡಿಸಲು ಮಾತ್ರ ಬಳಸುತ್ತೇನೆ, ಕೀಲಿನ ಹತ್ತಿರ ತರುವುದಿಲ್ಲ.

ಬೆನ್ನಿನ ಮೇಲೆ ಕೊಕ್ಕೆ ಇರುವ ಚಾಕು ಕೂಡ ಸಿಗುತ್ತೆ, ಗಟ್ ಹುಕ್ ಅಂತ. ಹೊಟ್ಟೆ ಸೀಳಲು ಝಿಪ್ ಎಳೆದಂತೆ ಸುಲಭ. ಆದರೆ ಆ ಕೊಕ್ಕೆಯೊಳಗೆ ಮಸೆಯಲು ಕಲ್ಲು ಹೋಗಲ್ಲ, ಕೂದಲು ಸಿಕ್ಕಿಕೊಳ್ಳುತ್ತೆ, ಬೆನ್ನಿನ ಮೇಲೆ ಹೆಬ್ಬೆರಳು ಇಡುವ ಜಾಗವೂ ಹೋಗುತ್ತೆ. ಎರಡು ಬೆರಳ ಮಧ್ಯೆ ಅಲಗು ಇಟ್ಟು ಸೀಳಲು ಬರುವವರಿಗೆ ಅದು ಬೇಡ ಅನ್ನೋದು ನನ್ನ ಅಭಿಪ್ರಾಯ.

ಗರಗಸ ಒಂದು ಸಣ್ಣದು ಇದೆ, ಆದರೆ ಕಾಡಿನಲ್ಲಿ ಅದರ ಕೆಲಸ ಕಮ್ಮಿ. ಸೊಂಟದ ಮೂಳೆ ಸೀಳಬೇಕಾಗಿಲ್ಲ, ಗುದದ ಸುತ್ತ ಮೊನೆಯಲ್ಲಿ ವೃತ್ತಾಕಾರ ಬಿಡಿಸಿ, ದಾರದಲ್ಲಿ ಕಟ್ಟಿ, ಒಳಗಿನಿಂದ ಎಳೆದುಕೊಂಡರೆ ಆಯ್ತು. ಸಿಡಬ್ಲ್ಯುಡಿ ಪರೀಕ್ಷೆಗೆ ಜಿಂಕೆಯ ತಲೆ ಕೊಡಬೇಕಲ್ಲ, ಕುತ್ತಿಗೆ ಬೇರ್ಪಡಿಸಲು ಪ್ಲಾಸ್ಟಿಕ್ ಹಿಡಿಯ ಅಗ್ಗದ ಸ್ಟೇನ್‌ಲೆಸ್ ಚಾಕು ಬೇರೆಯೇ ಇಟ್ಟಿದ್ದೇನೆ. ಬೆನ್ನುಹುರಿ ಮುಟ್ಟುವುದು ಅದೊಂದೇ, ಅದಕ್ಕೆ ಕೆಂಪು ಟೇಪ್ ಸುತ್ತಿದೆ. ಕಾರ್ಬನ್ ಉಕ್ಕು ಬ್ಲೀಚಿಗೆ ಬೇಗ ತುಕ್ಕು ಹಿಡಿಯುತ್ತೆ, ಸ್ಟೇನ್‌ಲೆಸ್ ತಡೆಯುತ್ತೆ, ಹಾಗಾಗಿ ಈ ಹಂಚಿಕೆ. ಇನ್ನುಳಿದಂತೆ ನೈಟ್ರೈಲ್ ಗ್ಲೌಸ್ ಎರಡು ಜೊತೆ, ತಲೆಗೆ ಕಟ್ಟುವ ಟಾರ್ಚ್, ದಾರ, ಹೃದಯ ಮತ್ತು ಲಿವರ್ ಹಾಕಿಕೊಳ್ಳಲು ಝಿಪ್ ಕವರ್, ಎಳೆಯಲು ಹಗ್ಗ, ಕಾರ್ಡಿನಷ್ಟು ತೆಳುವಾದ ಡೈಮಂಡ್ ಕಲ್ಲು. ಎಲ್ಲ ಸೇರಿ ಒಂದು ಊಟದ ಡಬ್ಬಿಯಷ್ಟು. ಒರೆಯನ್ನು ಪಿವಿಸಿ ಪೈಪ್ ಬಿಸಿ ಮಾಡಿ ಚಪ್ಪಟೆ ಒತ್ತಿ ಮಾಡಿದೆ. ಚರ್ಮದ ಒರೆ ಚೆಂದ, ಆದರೆ ರಕ್ತ ಹೀರಿದರೆ ತೊಳೆಯಲಾಗಲ್ಲ.

ಮೊದಲ ಶನಿವಾರ ಬೆಳಗ್ಗೆ ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿತ್ತು. ಎಂಟು ಗಂಟೆಯ ಹೊತ್ತಿಗೆ ಮುಸುಕಿನ ಜೋಳದ ಹೊಲದ ಅಂಚಿನಲ್ಲಿ ಒಂದು ಹೆಣ್ಣು ಜಿಂಕೆ ಸಿಕ್ಕಿತು. ಅದರ ಹತ್ತಿರ ಮಂಡಿಯೂರಿ ಒಂದು ನಿಮಿಷ ಸುಮ್ನೆ ಕೂತೆ, ಪ್ರತಿ ಸಲವೂ ಕೂರುತ್ತೇನೆ.

ಎದೆಮೂಳೆಯ ಕೆಳಗೆ ಚರ್ಮವನ್ನು ಚಿವುಟಿ ಎತ್ತಿ ಒಂದು ಸಣ್ಣ ತೂತು. ಎಡಗೈಯ ಎರಡು ಬೆರಳು ಒಳಗೆ, ಗೆಲುವಿನ ಗುರುತು ತೋರಿಸುತ್ತೇವಲ್ಲ ಹಾಗೆ ಅಗಲಿಸಿ, ಆ ಬೆರಳುಗಳ ಮಧ್ಯೆ ಅಲಗು ಮೇಲ್ಮುಖ. ಬೆರಳು ಕರುಳನ್ನು ಕೆಳಕ್ಕೆ ಒತ್ತುತ್ತಾ ಮುಂದೆ ಹೋಗುತ್ತೆ, ಚಾಕು ಹಿಂದೆಯೇ ಬರುತ್ತೆ. ಒಳಗಿನಿಂದ ಕೊಯ್ದರೆ ಕೂದಲು ಕತ್ತರಿಸುವುದಿಲ್ಲ, ಬೇರ್ಪಡುತ್ತೆ, ಹರಿತವೂ ಉಳಿಯುತ್ತೆ, ಮಾಂಸಕ್ಕೆ ಕೂದಲೂ ಅಂಟಲ್ಲ. ಆ ಚಳಿಯಲ್ಲಿ ಒಳಗಿನಿಂದ ಹಬೆ ಎದ್ದು ಕನ್ನಡಕ ಮಂಜಾಯ್ತು. ಚಾಕುವಿನ ಬೆನ್ನಿನ ಬಾಗು ಕರುಳಿನ ಮೇಲೆ ಜಾರುತ್ತಿರುವುದು ಕೈಗೆ ಗೊತ್ತಾಗುತ್ತಿತ್ತು. ಒಂದು ಕಡೆಯೂ ಚುಚ್ಚಲಿಲ್ಲ. ಎದೆಗೂ ಹೊಟ್ಟೆಗೂ ನಡುವಿನ ಪೊರೆಯನ್ನು ಪಕ್ಕೆಲುಬಿನ ಅಂಚಿಗೆ ಸುತ್ತಲೂ ಬಿಡಿಸಿ, ತೋಳು ಒಳಗೆ ಹಾಕಿ, ತೋರುಬೆರಳನ್ನು ಚಾಕುವಿನ ಬೆನ್ನಿನ ಮೇಲೆ ಮೊನೆಯ ಹತ್ತಿರದವರೆಗೂ ಚಾಚಿ ಉಸಿರು ಕೊಳವೆ ಕತ್ತರಿಸಿದೆ. 4 ಇಂಚಿಗೆ ಬೆರಳು ಮುಟ್ಟುತ್ತೆ, ಮೊನೆ ಎಲ್ಲಿದೆ ಅಂತ ಕಾಣದೆಯೂ ತಿಳಿಯುತ್ತೆ. ಎಡಗೈಯಲ್ಲಿ ಕೊಳವೆ ಹಿಡಿದು ಎಳೆದರೆ ಎಲ್ಲ ಒಟ್ಟಿಗೆ ಹೊರಬಂತು. ಪಕ್ಕಕ್ಕೆ ಹೊರಳಿಸಿ ರಕ್ತ ಬಸಿದೆ. 25 ನಿಮಿಷ. ಒಳಗೆಲ್ಲ ಸ್ವಚ್ಛ, ಆ ಎರಡು ಪಟ್ಟಿ ಮಾಂಸ ಹಾಗೇ ಕೆಂಪಗೆ ಕೂತಿತ್ತು.

ಲುಂಗಿ ಹಿಡಿ ಒದ್ದೆಯಾದ ಮೇಲೆ ಇನ್ನೂ ಚೆನ್ನಾಗಿ ಹಿಡಿತ ಕೊಟ್ಟಿತು, ಎಳೆಗಳ ತರಕಲು ಗ್ಲೌಸಿಗೆ ಕಚ್ಚುತ್ತೆ. ಒಮ್ಮೆ ಕೈ ಜಾರಿದಾಗ ಆ ಉಬ್ಬು ತಡೆಯಿತು. ಎರಡು ಕೊರತೆ ಕಂಡೆ. ಹಿಡಿ ದಪ್ಪ ಒಂದು ಎಳೆ ಜಾಸ್ತಿ, ಗ್ಲೌಸ್ ಮೇಲೆ ಇನ್ನೊಂದು ಗ್ಲೌಸ್ ಹಾಕಿದಾಗ ಬೆರಳು ಪೂರ್ತಿ ಸುತ್ತುವುದಿಲ್ಲ, ಒಂದೊಂದು ಬದಿ ಒಂದು ಮಿಲಿಮೀಟರ್ ಇಳಿಸಬೇಕು. ಹಿಂದಿನ ಪಿನ್ನಿನ ಪಕ್ಕ ಒಂದು ಪದರ ಕೂದಲೆಳೆಯಷ್ಟು ಬಾಯಿ ಬಿಟ್ಟಿದೆ, ಅಲ್ಲಿ ಗಾಳಿ ಉಳಿದಿತ್ತು ಅಂತ ಕಾಣುತ್ತೆ. ತೆಳು ಸೂಪರ್ ಗ್ಲೂ ಇಳಿಸಿದೆ, ಹೀರಿಕೊಂಡಿತು. ಸಂಜೆ ಸೋಪು ನೀರಲ್ಲಿ ಬ್ರಶ್ ಹಾಕಿ ಉಜ್ಜಿ, ಒಣಗಿಸಿ, ಆಹಾರಕ್ಕೆ ತಾಗಿದರೂ ತೊಂದರೆಯಿಲ್ಲದ ಫುಡ್ ಗ್ರೇಡ್ ಮಿನರಲ್ ಆಯಿಲ್ ಸವರಿದೆ. ಅಲಗಿನ ಮೇಲೆ ಬೂದು ನೀಲಿ ಕಲೆ ಬಂದಿದೆ, ಅದು ತುಕ್ಕಲ್ಲ, ಹಾಗೇ ಬಿಡುತ್ತೇನೆ. ಕೆಂಪು ಟೇಪಿನ ಚಾಕು ಉಜ್ಜಿ ತೊಳೆದ ಮೇಲೆ ಬ್ಲೀಚಿನಲ್ಲಿ 5 ನಿಮಿಷ ಇದ್ದು ಬಂತು.

ತಲೆಯನ್ನು ಅವತ್ತೇ ಪರೀಕ್ಷೆಯ ಪೆಟ್ಟಿಗೆಯಲ್ಲಿ ಹಾಕಿ ಬಂದೆ. ಫಲಿತಾಂಶ ಬರುವವರೆಗೆ ಮಾಂಸವನ್ನು ಬೇರೆ ಕಟ್ಟಿ ಹೆಸರು ಬರೆದು ಫ್ರೀಜರಿನಲ್ಲಿ ಇಟ್ಟಿದ್ದೆವು, ಒಂದು ತುಂಡೂ ಮುಟ್ಟಲಿಲ್ಲ. ಕಾಯಿಲೆ ಇಲ್ಲ ಅಂತ ಬಂದ ಸಂಜೆ ಆ ಎರಡು ಪಟ್ಟಿ ತೆಗೆದು, ಕರಿಮೆಣಸು, ಬೆಳ್ಳುಳ್ಳಿ ಹಾಕಿ ಹುರಿದೆವು. ದೊಡ್ಡಪ್ಪನಿಗೆ ವಿಡಿಯೋದಲ್ಲಿ ತಟ್ಟೆ ತೋರಿಸಿದರೆ, ‘ತಟ್ಟೆ ಇರ್ಲಿ, ಚಾಕು ತೋರ್ಸು’ ಅಂದರು. ಹರಿತದ ಕಡೆ ತಿರುಗಿಸಿ ಬೆಳಕಿಗೆ ಹಿಡಿದೆ. ಅವರು ಈಗ ತಮ್ಮ ಹಳೇ ಕತ್ತಿಗೂ ಇಂಥದ್ದೇ ಹಿಡಿ ಬೇಕು ಅನ್ನುತ್ತಿದ್ದಾರೆ. ಉಳಿದರ್ಧ ಲುಂಗಿಯನ್ನು ಹೆಂಡತಿಯ ಹತ್ತಿರ ಕೇಳಿದ್ದೇನೆ.